ವಿಎಫ್‌ಆರ್800 ಲಿಂಕ್ಡ್ ಬ್ರೇಕ್: ಸರಿಪಡಿಸಿ ಸುಧಾರಿಸುವುದೋ, ಕಿತ್ತುಹಾಕುವುದೋ?

ದಾರಿಹೋಕ ಯುಕೆ

ಗಾಡಿ: ಹೋಂಡಾ ವಿಎಫ್‌ಆರ್800, 2000ದ ಮಾಡೆಲ್, ಅಂದರೆ ಐದನೇ ತಲೆಮಾರು. ಎಬಿಎಸ್ ಇಲ್ಲ. ಬ್ರೇಕ್ ಲಿಂಕ್ಡ್, ಅಂದರೆ ಕೈಯ ಲಿವರ್, ಕಾಲಿನ ಪೆಡಲ್ ಯಾವುದನ್ನು ಒತ್ತಿದರೂ ಎರಡೂ ಗಾಲಿಗೆ ಬ್ರೇಕ್ ಬೀಳುತ್ತದೆ. ಇಬ್ಬರು ಕೂತು, ಮೂರೂ ಪೆಟ್ಟಿಗೆ ತುಂಬಿಕೊಂಡು ದೂರದ ಪ್ರಯಾಣಕ್ಕೆ ಬಳಕೆ.

ತೊಂದರೆ ಮೂರು. ಲಿವರ್ ಮೆತ್ತಗೆ, ಬಹಳ ಒಳಗೆ ಬರುತ್ತದೆ. ಪೆಡಲ್ ಒತ್ತಿದರೆ ಮೊದಲ ಅರ್ಧ ಖಾಲಿ. ಪೆಡಲ್ ಮುಟ್ಟದೆ ಓಡಿಸಿದರೂ ಹಿಂದಿನ ಡಿಸ್ಕ್ ಮುಂದಿನದಕ್ಕಿಂತ ಹೆಚ್ಚು ಬಿಸಿ.

ಸ್ಟೀಲ್ ಬ್ರೇಡೆಡ್ ಹೋಸ್ (ಉಕ್ಕಿನ ಹೆಣಿಗೆಯ ಬ್ರೇಕ್ ಪೈಪ್) ಹಾಕಿಸುವ ಯೋಚನೆ ಇದೆ. ಇಲ್ಲಿನ ಹಲವರು ಲಿಂಕ್ ವ್ಯವಸ್ಥೆಯನ್ನೇ ತೆಗೆದುಹಾಕಿ ಎನ್ನುತ್ತಾರೆ. ಬಲ್ಲವರು ಹೇಳಿ, ಎಲ್ಲಿಂದ ಶುರು ಮಾಡಬೇಕು?

ಸ್ಪ್ಯಾನರ್ ಹನ್ನೆರಡು

ಮೂರನ್ನೂ ಒಂದೇ ರೋಗ ಅಂದುಕೊಂಡರೆ ದುಡ್ಡು ದಂಡ. ನಿಮ್ಮ ಗಾಡಿಯಲ್ಲಿ ಲಿವರ್‌ನ ದಾರಿ ಬೇರೆ, ಪೆಡಲ್‌ನ ದಾರಿ ಬೇರೆ. ಎರಡರ ಆಯಿಲ್ ಎಲ್ಲೂ ಸೇರುವುದಿಲ್ಲ. ಮೊದಲು ಅದನ್ನು ಬಿಡಿಸಿ ಹೇಳುತ್ತೇನೆ.

ಲಿವರ್: ಕ್ಯಾಲಿಪರ್ ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ. ಮುಂದಿನ ಎರಡು ಕ್ಯಾಲಿಪರ್‌ಗಳಲ್ಲೂ ಮೂರು ಮೂರು ಪಿಸ್ಟನ್. ಲಿವರ್ ಎಳೆದರೆ ಎರಡೂ ಕಡೆಯ ಹೊರಗಿನ ಎರಡೆರಡು, ಒಟ್ಟು ನಾಲ್ಕು ಪಿಸ್ಟನ್ ಒತ್ತುತ್ತವೆ. ಲಿವರ್‌ನ ಹೈಡ್ರಾಲಿಕ್ ಕೆಲಸ ಅಲ್ಲಿಗೆ ಮುಗಿಯಿತು.

ಸೆಕೆಂಡರಿ ಮಾಸ್ಟರ್: ಎಡ ಕ್ಯಾಲಿಪರ್ ಫೋರ್ಕಿಗೆ ಬಿಗಿಯಾಗಿ ಕೂತಿಲ್ಲ, ಕೆಳಗಿನ ಪಿವಟ್ ಮೇಲೆ ಸ್ವಲ್ಪ ತಿರುಗುತ್ತದೆ. ಪ್ಯಾಡ್ ಡಿಸ್ಕನ್ನು ಹಿಡಿದಾಗ ಡಿಸ್ಕ್ ಆ ಕ್ಯಾಲಿಪರನ್ನು ಮೇಲಕ್ಕೆ ಎಳೆಯುತ್ತದೆ. ಅದು ಹೋಗಿ ಫೋರ್ಕಿನ ಮೇಲಿರುವ ಪುಟ್ಟ ಮಾಸ್ಟರ್ ಸಿಲಿಂಡರನ್ನು, ಅಂದರೆ ಆಯಿಲ್‌ನಲ್ಲಿ ಒತ್ತಡ ಹುಟ್ಟಿಸುವ ಪಂಪನ್ನು, ಒತ್ತುತ್ತದೆ. ಅಲ್ಲಿಂದ ಹೊರಟ ಒತ್ತಡ ಪ್ರೊಪೋರ್ಷನಿಂಗ್ ವಾಲ್ವ್ ಮೂಲಕ ಹಿಂದಿನ ಕ್ಯಾಲಿಪರ್‌ನ ಹೊರಗಿನ ಎರಡು ಪಿಸ್ಟನ್‌ಗೆ ಹೋಗುತ್ತದೆ. ಈ ವಾಲ್ವ್ ಒಂದು ಮಟ್ಟದವರೆಗೆ ಒತ್ತಡವನ್ನು ನೇರವಾಗಿ ಬಿಡುತ್ತದೆ, ಆಮೇಲೆ ತಡೆಯುತ್ತದೆ, ಬ್ರೇಕ್ ಇನ್ನೂ ಜೋರಾದರೆ ಹಿಂದಿನದನ್ನು ಇಳಿಸುತ್ತದೆ. ಜೋರು ಬ್ರೇಕಿನಲ್ಲಿ ಹಿಂದಿನ ಗಾಲಿಯ ಮೇಲೆ ಭಾರವೇ ಉಳಿದಿರುವುದಿಲ್ಲ, ಅದಕ್ಕೆ.

ಪೆಡಲ್: ಹಿಂದಿನ ಕ್ಯಾಲಿಪರ್‌ನ ನಡುವಿನ ಪಿಸ್ಟನ್‌ಗೆ ನೇರ, ಮುಂದಿನ ಎರಡೂ ಕ್ಯಾಲಿಪರ್‌ನ ನಡುವಿನ ಪಿಸ್ಟನ್‌ಗೆ ಡಿಲೇ ವಾಲ್ವ್ ಮೂಲಕ. ಸೆಕೆಂಡರಿ ಮಾಸ್ಟರ್‌ಗೆ ಆಯಿಲ್ ಪೂರೈಕೆ ಆಗುವುದೂ ಈ ಪೆಡಲ್ ಕಡೆಯ ಡಬ್ಬಿಯಿಂದಲೇ.

ಈಗ ನಿಮ್ಮ ಮೂರು ತೊಂದರೆಗೆ ಬರೋಣ.

ಲಿವರ್ ಮೆತ್ತಗಿರುವುದಕ್ಕೂ ಸೆಕೆಂಡರಿ ಮಾಸ್ಟರ್‌ಗೂ ಸಂಬಂಧ ಇಲ್ಲ. ಕಾರಣ ಹಳೆಯ ರಬ್ಬರ್ ಹೋಸ್, ಲಿವರ್ ಪಕ್ಕದ ಮಾಸ್ಟರ್‌ನ ಬ್ಯಾಂಜೋದಲ್ಲಿ (ಹೋಸ್ ಕೂಡುವ ಟೊಳ್ಳು ಬೋಲ್ಟಿನ ಜಾಗ) ನಿಂತ ಗಾಳಿ, ಒಣಗಿದ ಸ್ಲೈಡ್ ಪಿನ್, ಓರೆಯಾಗಿ ಸವೆದ ಪ್ಯಾಡ್, ಇವುಗಳಲ್ಲೊಂದು. ಪೆಡಲ್ ಖಾಲಿ ಹೊಡೆಯುವುದು ಹೆಚ್ಚಾಗಿ ಗಾಳಿ. ಪೆಡಲ್‌ನ ಆಯಿಲ್ ದಾರಿ ಉದ್ದ, ಏರಿಳಿತ ಬಹಳ. ಹಿಂದಿನ ಡಿಸ್ಕ್ ಕಾಯುವುದು ಸೆಕೆಂಡರಿ ಮಾಸ್ಟರ್‌ನ ಸೂಚನೆ. ಇದನ್ನು ಸರಿಪಡಿಸುವವರೆಗೆ ಗಾಡಿ ಹೊರಗೆ ತೆಗೆಯಬೇಡಿ.

ಅದು ಯಾಕೆ ಅಷ್ಟು ಕೆಟ್ಟದ್ದು ಅಂದರೆ: ಸೆಕೆಂಡರಿ ಮಾಸ್ಟರ್ ಒಳಗೆ ಬಹಳ ಸಣ್ಣ ರಿಟರ್ನ್ ತೂತು ಇದೆ. ಬ್ರೇಕ್ ಬಿಟ್ಟ ಮೇಲೆ ಹಿಂದಿನ ಲೈನಿನ ಆಯಿಲ್ ಡಬ್ಬಿಗೆ ಮರಳುವುದು ಅದರಿಂದ. ವರ್ಷಗಟ್ಟಲೆ ಆಯಿಲ್ ಬದಲಿಸದಿದ್ದರೆ ಗಸಿ ಕಟ್ಟಿ ಆ ತೂತು ಮುಚ್ಚುತ್ತದೆ. ಒತ್ತಡ ಒಳಗೇ ಉಳಿದು ಪ್ಯಾಡ್ ಉಜ್ಜುತ್ತದೆ, ಡಿಸ್ಕ್ ಕಾಯುತ್ತದೆ, ಆಯಿಲ್ ಹಿಗ್ಗುತ್ತದೆ, ಒತ್ತಡ ಮತ್ತೂ ಏರುತ್ತದೆ. ಕೊನೆಗೆ ಹಿಂದಿನ ಗಾಲಿ ಹಿಡಿದುಕೊಳ್ಳುತ್ತದೆ. ಇದೇ ಭಾಗದ ದೆಸೆಯಿಂದ ಹೋಂಡಾ 2011ರ ಕೊನೆಯಲ್ಲಿ ಗೋಲ್ಡ್ ವಿಂಗ್ ಜಿಎಲ್1800 ಗಾಡಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಹೋಂಡಾದ್ದೇ ಎಸ್‌ಟಿ1300 ಇಟ್ಟುಕೊಂಡವರಿಗೂ ಇದು ಚೆನ್ನಾಗಿ ಗೊತ್ತು.

ಪರೀಕ್ಷೆ ಐದು ನಿಮಿಷದ್ದು. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಒಬ್ಬರು ಹಿಂದಿನ ಗಾಲಿ ತಿರುಗಿಸುತ್ತಿರಲಿ. ಇನ್ನೊಬ್ಬರು ಎಡ ಮುಂದಿನ ಕ್ಯಾಲಿಪರನ್ನು ಕೈಯಿಂದ ಬಲವಾಗಿ ಮೇಲಕ್ಕೆ ಒತ್ತಬೇಕು. ಹಿಂದಿನ ಗಾಲಿ ನಿಲ್ಲಬೇಕು. ಕೈ ಬಿಟ್ಟ ಕೂಡಲೇ ಸಲೀಸಾಗಿ ತಿರುಗಬೇಕು. ಒತ್ತಿದಾಗ ನಿಲ್ಲದಿದ್ದರೆ ಹಿಂದಿನ ಲೈನಿನಲ್ಲಿ ಗಾಳಿ ಇದೆ ಅಥವಾ ಮಾಸ್ಟರ್ ಒಳಗಿನ ರಬ್ಬರ್ ಕಪ್ (ಸೀಲ್) ಹೋಗಿದೆ. ಬಿಟ್ಟ ಮೇಲೂ ಹಿಡಿದುಕೊಂಡರೆ ತೂತು ಮುಚ್ಚಿದೆ, ಇಲ್ಲವೇ ಪಿವಟ್‌ನ ನೀಡಲ್ ಬೇರಿಂಗ್ ತುಕ್ಕು ಹಿಡಿದು ಕ್ಯಾಲಿಪರ್ ವಾಪಸ್ ಬರುತ್ತಿಲ್ಲ.

ಘಟ್ಟದಾರಿ

ವಿವರಣೆ ಸರಿ. ಆದರೂ ನನ್ನ ಮತ ತೆಗೆದುಹಾಕುವುದರ ಕಡೆಗೇ. ಐದನೇ ತಲೆಮಾರಿನಲ್ಲಿ ಪೆಡಲ್ ಒತ್ತಿದರೆ ಮುಂದಿನ ಎರಡೂ ಕ್ಯಾಲಿಪರ್ ಕೆಲಸ ಮಾಡುತ್ತವೆ. ಜಲ್ಲಿಕಲ್ಲಿನ ಮೇಲೆ, ನಡಿಗೆಯ ವೇಗದಲ್ಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿ ಯೂ ಟರ್ನ್ ತೆಗೆದುಕೊಳ್ಳುವಾಗ ಯಾರೇ ಆದರೂ ಪೆಡಲ್ ಮೇಲೆ ನಂಬಿಕೆ ಇಟ್ಟಿರುತ್ತಾರೆ. ಆ ಹೊತ್ತಿಗೆ ಮುಂದಿನ ಗಾಲಿ ಕಚ್ಚಿಕೊಂಡರೆ ಗಾಡಿ ಮಗುಚುತ್ತದೆ. ಡಿಲೇ ವಾಲ್ವ್ ತಡ ಮಾಡುತ್ತದೆ ಅಷ್ಟೆ, ಪೂರ್ತಿ ತಪ್ಪಿಸುವುದಿಲ್ಲ.

ಹೋಂಡಾ ಕೂಡ ಇದನ್ನು ಒಪ್ಪಿಕೊಂಡಂತೆಯೇ ನಡೆದಿದೆ. 2002ರ ವಿಟೆಕ್ ಗಾಡಿಯಲ್ಲಿ (ಆರನೇ ತಲೆಮಾರಿನ ವಿಎಫ್‌ಆರ್800) ಬಲಗಡೆಯ ಮೂರೂ ಪಿಸ್ಟನ್ ಮತ್ತು ಎಡಗಡೆಯ ಎರಡನ್ನು ಲಿವರ್‌ಗೆ ಕೊಟ್ಟು, ಪೆಡಲ್‌ಗೆ ಎಡಗಡೆಯ ನಡುವಿನ ಒಂದನ್ನು ಮಾತ್ರ ಉಳಿಸಿತು. 2014ರ ವಿಎಫ್‌ಆರ್800ಎಫ್‌ನಲ್ಲಿ ಲಿಂಕನ್ನೇ ಬಿಟ್ಟಿತು.

ಸ್ಪ್ಯಾನರ್ ಹನ್ನೆರಡು

ಯೂ ಟರ್ನ್ ಮಾತು ನಿಜ, ತಳ್ಳಿಹಾಕುವುದಿಲ್ಲ. 2014ರ ಉದಾಹರಣೆ ಮಾತ್ರ ಇಲ್ಲಿ ಹೊಂದುವುದಿಲ್ಲ. ಆ ಗಾಡಿಗೆ 296 ಮಿ.ಮೀ. ಬದಲು 310 ಮಿ.ಮೀ. ಡಿಸ್ಕ್, ನಾಲ್ಕು ಪಿಸ್ಟನ್ನಿನ ರೇಡಿಯಲ್ ಕ್ಯಾಲಿಪರ್, ಜೊತೆಗೆ ಎಬಿಎಸ್. ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಬದಲಿಸಿದ್ದು. ನಾವು ಗ್ಯಾರೇಜಿನಲ್ಲಿ ಲಿಂಕ್ ಒಂದನ್ನೇ ತೆಗೆದರೆ ಉಳಿಯುವುದು ಹಳೆಯ ಡಿಸ್ಕ್, ಹಳೆಯ ಕ್ಯಾಲಿಪರ್, ಒತ್ತಡ ತಡೆಯುವ ವಾಲ್ವ್ ಇಲ್ಲದ ಹಿಂದಿನ ಬ್ರೇಕು.

ಇನ್ನೊಂದು, ಅವರು ಹೇಳಿದ ಬಳಕೆ ನೋಡಿ: ಇಬ್ಬರು, ಪೆಟ್ಟಿಗೆ. ಲೆಕ್ಕಕ್ಕೆ ವೀಲ್‌ಬೇಸ್ 1.45 ಮೀಟರ್, ಭಾರದ ಕೇಂದ್ರ 0.6 ಮೀಟರ್ ಎತ್ತರ ಅಂತ ಇಟ್ಟುಕೊಳ್ಳಿ. 0.8 ಜಿ (ಗುರುತ್ವದ 0.8 ಪಟ್ಟು) ಬ್ರೇಕಿನಲ್ಲಿ ಒಟ್ಟು ತೂಕದ ಸುಮಾರು 33 ಶೇಕಡಾ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಒಬ್ಬರೇ ಇದ್ದು ಮುಂದೆ, ಹಿಂದೆ ತೂಕ 50:50 ಇದ್ದರೆ ಹಿಂದೆ ಉಳಿಯುವುದು 17. ಹಿಂದೆ ಜನ, ಸಾಮಾನು ಸೇರಿ ನಿಂತಾಗಿನ ಹಂಚಿಕೆ 42:58 ಆದರೆ ಅದೇ ಬ್ರೇಕಿನಲ್ಲಿ ಹಿಂದೆ 25 ಉಳಿಯುತ್ತದೆ. ಕೂತವರು ಎತ್ತರ ಹೆಚ್ಚಿಸುವುದರಿಂದ ಸ್ವಲ್ಪ ಕಡಿಮೆ ಆಗಬಹುದು. ಆದರೂ ಟೂರಿಂಗ್ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ನಿಜವಾದ ಕೆಲಸ ಇದೆ. ಮಳೆಯಲ್ಲಿ, ಗಾಬರಿಯಲ್ಲಿ ಲಿವರ್ ಮಾತ್ರ ಎಳೆದಾಗಲೂ ಆ ಕೆಲಸ ತಾನಾಗಿ ಆಗುವುದು ಈ ಲಿಂಕಿನಿಂದ.

ಧಾರವಾಡ ಟೂರರ್

ಸೆಕೆಂಡರಿ ಮಾಸ್ಟರ್ ಬಿಚ್ಚೋ ಕೆಲಸ ಬರದಿಡ್ತೀನಿ, ಯಾರಿಗಾದ್ರೂ ಬೇಕಾಗ್ತದ.

ಮೊದ್ಲ ಟ್ಯಾಂಕು, ಫೇರಿಂಗ್ ಮ್ಯಾಲೆ ಒದ್ದಿ ಬಟ್ಟಿ ಹಾಸ್ರಿ. ಬ್ರೇಕ್ ಆಯಿಲ್ ಬಣ್ಣ ತಿಂತದ. ಬಿದ್ರ ಒರಸಬ್ಯಾಡ್ರಿ, ನೀರು ಹಾಕಿ ತೊಳೀರಿ. ಹೊಸ ಡಾಟ್ 4 ದರ್ಜೆ ಬ್ರೇಕ್ ಆಯಿಲ್ ಅರ್ಧ ಲೀಟರ್ ಬಾಟ್ಲಿ ಎರಡು ಬೇಕು, ಸೀಲ್ ಒಡೀದೇ ಇದ್ದದ್ದು. ಬಿಚ್ಚೋ ಒಂದೊಂದು ಬ್ಯಾಂಜೋಕ್ಕ ಎರಡೆರಡು ಹೊಸ ವಾಷರ್.

ಎಡ ಕ್ಯಾಲಿಪರ್ ಮತ್ತ ಸೆಕೆಂಡರಿ ಮಾಸ್ಟರ್ ಒಟ್ಟಿಗೆ ಇಳಿಸ್ರಿ. ಬ್ಯಾಂಜೋ ಬೋಲ್ಟ್ ಬಿಚ್ಚೂಕ್ಕಿಂತ ಮೊದ್ಲ ಗಾಡಿ ಮ್ಯಾಲೇ ಇದ್ದಾಗ ಒಂದು ಎಳೆ ಸಡ್ಲ ಮಾಡ್ಕೊಂಡ್ರ ಆಮ್ಯಾಲೆ ವೈಸಿನ ತಂಟೆ ಇಲ್ಲ. ರಬ್ಬರ್ ಬೂಟ್ ತಗದು ನೋಡ್ರಿ. ಅದರೊಳಗ ನೀರು, ತುಕ್ಕಿನ ಪುಡಿ ಇದ್ರ ಅರ್ಧ ಉತ್ತರ ಅಲ್ಲೇ ಸಿಕ್ಕಂಗ. ಸರ್ಕ್ಲಿಪ್ ಆಳದಾಗ ಇರ್ತದ, ಉದ್ದ ಮೂತಿ ಇಕ್ಕಳ ಬೇಕು. ಪಿಸ್ಟನ್, ಸ್ಪ್ರಿಂಗ್ ಯಾವ ಕ್ರಮದಾಗ ಬಂದ್ವು ಅಂತ ಫೋಟೋ ಹೊಡದಿಟ್ಕೊಳ್ರಿ.

ಬೋರ್‌ನಾಗ (ಸಿಲಿಂಡರ್ ಒಳಗೋಡೆ) ಉಗುರಿಗೆ ಸಿಗೋ ಗೀರು, ಗುಳಿ ಇದ್ರ ಹೊಸ ಸಿಲಿಂಡರೇ ಹಾಕ್ರಿ. ಎಮರಿ ಉಜ್ಜಿ ಸರಿ ಮಾಡ್ತೀನಿ ಅನ್ನಬ್ಯಾಡ್ರಿ, ಬೋರ್ ದೊಡ್ಡದಾದ್ರ ಕಪ್ ಹಿಡಿಯೂದಿಲ್ಲ. ಬೋರ್ ನುಣುಪಿದ್ರ ಹೊಸ ಪಿಸ್ಟನ್ ಸೆಟ್ ಸಾಕು. ರಿಟರ್ನ್ ತೂತಿಗೆ ಮೆತ್ತನ ತಾಮ್ರದ ವಾಯರ್‌ನ ಒಂದೇ ಎಳಿ ಹಾಯಿಸ್ರಿ. ಸೂಜಿ, ಡ್ರಿಲ್ ಬಿಟ್ ಬ್ಯಾಡ. ತೂತಿನ ಅಂಚು ಎದ್ದ್ರ ಹೊಸ ಕಪ್ಪನ್ನ ಕೊಯ್ದು ಹಾಕ್ತದ.

ಕಪ್ಪಿಗೆ ಹೊಸ ಬ್ರೇಕ್ ಆಯಿಲ್ ಸವರಿ ಕೂಡಸ್ರಿ. ಪುಷ್‌ರಾಡ್ ತುದಿ, ಬೂಟ್ ಒಳಗ ಸಿಲಿಕೋನ್ ಗ್ರೀಸ್. ಪೆಟ್ರೋಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದೂ ರಬ್ಬರ್ ಹತ್ರ ಬರಬಾರದು, ಉಬ್ಬಿ ಹೋಗ್ತದ. ಪಿವಟ್‌ನ ನೀಡಲ್ ಬೇರಿಂಗ್ ತೊಳದು, ಒಣಗಿಸಿ, ನೀರು ತಡಿಯೋ ಗ್ರೀಸ್ ತುಂಬ್ರಿ. ಅದರ ಡಸ್ಟ್ ಸೀಲ್ ಹರದಿದ್ರ ಹೊಸಾದು ಹಾಕಬೇಕು. ಚಳಿಗಾಲದಾಗ ರಸ್ತೆಗೆ ಉಪ್ಪು ಸುರಿಯೋ ದೇಶದಾಗ ಬೇರಿಂಗ್ ಹೋಗೋದು ಇಲ್ಲಿಂದನ.

ಬ್ಯಾಂಜೋ ಬೋಲ್ಟ್ 34 ನ್ಯೂಟನ್ ಮೀಟರ್. ಬ್ಲೀಡ್ ನಿಪ್ಪಲ್ (ಗಾಳಿ, ಆಯಿಲ್ ಹೊರಗ ಬಿಡೋ ತಿರುಪು) 6ರ ಮ್ಯಾಲೆ ಬ್ಯಾಡ, ಮುರೀತದ.

ದಾರಿಹೋಕ ಯುಕೆ

ಪರೀಕ್ಷೆ ಮಾಡಿದೆ. ಒತ್ತಿದರೆ ನಿಲ್ಲುತ್ತದೆ, ಬಿಟ್ಟ ಮೇಲೂ ಹಿಡಿದೇ ಇರುತ್ತದೆ. ಹಿಂದಿನ ಕ್ಯಾಲಿಪರ್‌ನ ನಿಪ್ಪಲ್ ಸಡಿಲಿಸಿದರೆ ಆಯಿಲ್ ಚಿಮ್ಮಿ ಗಾಲಿ ಬಿಡುತ್ತದೆ. ಇದು ತೂತಿನದೇ ತಾನೆ?

ಸ್ಪ್ಯಾನರ್ ಹನ್ನೆರಡು

ಹೌದು. ಚಿಮ್ಮಿದ್ದು ಅಂದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು. ಆದರೆ ಬೇರಿಂಗ್ ಬಿಗಿಯಾಗಿ ಕ್ಯಾಲಿಪರ್ ಅರ್ಧದಲ್ಲಿ ನಿಂತರೂ ಪಿಸ್ಟನ್ ಆ ತೂತನ್ನು ಮುಚ್ಚಿಯೇ ಇರುತ್ತದೆ, ಆಗಲೂ ಹೀಗೇ ಚಿಮ್ಮುತ್ತದೆ. ಹಾಗಾಗಿ ಎರಡನ್ನೂ ಬಿಚ್ಚಿ ನೋಡಿ. ಹಿಂದಿನ ಕ್ಯಾಲಿಪರ್‌ನ ಪಿಸ್ಟನ್‌ಗಳೇ ಅಂಟಿಕೊಂಡಿದ್ದರೆ ನಿಪ್ಪಲ್ ತೆರೆದರೂ ಗಾಲಿ ಬಿಡುತ್ತಿರಲಿಲ್ಲ. ಅದು ನಿಮ್ಮಲ್ಲಿ ಸದ್ಯಕ್ಕೆ ಇಲ್ಲ.

ದಾರಿಯಲ್ಲಿ ಹಿಂದಿನ ಗಾಲಿ ಹಿಡಿದುಕೊಂಡವರು ಮಾಡಬಹುದಾದ ತುರ್ತು ಕೆಲಸವೂ ಇದೇ: ಡಿಸ್ಕ್ ತಣಿಯಲು ಬಿಟ್ಟು, ಹಿಂದಿನ ಕ್ಯಾಲಿಪರ್‌ನಲ್ಲಿ ಹೊರ ಪಿಸ್ಟನ್‌ಗಳಿಗೆ ಇರುವ ನಿಪ್ಪಲನ್ನು ಕಾಲು ಸುತ್ತು ತೆರೆದು ಮುಚ್ಚುವುದು. ಕಾದ ಆಯಿಲ್ ಮೈಗೆ ಹಾರದಂತೆ ಬಟ್ಟೆ ಹಿಡಿಯಿರಿ. ಆಮೇಲೆ ಗಾಡಿಯನ್ನು ಲಾರಿಗೆ ಹಾಕಿಸಿ. ಓಡಿಸಿಕೊಂಡು ಹೋದರೆ ಮತ್ತೆ ಕಚ್ಚಿಕೊಳ್ಳುತ್ತದೆ.

ನಿಸ್ಸಿನ್ ಪ್ರಿಯ

ಬ್ರೇಡೆಡ್ ಹೋಸ್ ವಿಷಯ ಯಾರೂ ಮುಟ್ಟಿಲ್ಲ. ನನ್ನ ಪ್ರಕಾರ ಲಿಂಕ್ಡ್ ಗಾಡಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಸುಧಾರಣೆ ಬೇರೆ ಇಲ್ಲ, ಯಾಕೆಂದರೆ ಮಾಮೂಲಿ ಗಾಡಿಗಿಂತ ಇದರಲ್ಲಿ ಹೋಸ್‌ನ ಒಟ್ಟು ಉದ್ದ ಬಹಳ ಜಾಸ್ತಿ. ಒಂದೊಂದು ರಬ್ಬರ್ ತುಂಡೂ ಒತ್ತಡಕ್ಕೆ ಸ್ವಲ್ಪ ಸ್ವಲ್ಪ ಹಿಗ್ಗಿ ಪೆಡಲ್‌ನ ಚಲನೆಯನ್ನು ತಿನ್ನುತ್ತದೆ.

ಕೊಳ್ಳುವಾಗ ಮಾಡೆಲ್ ವರ್ಷ ಸರಿಯಾಗಿ ಹೇಳಿ. ಐದನೇ ಮತ್ತು ಆರನೇ ತಲೆಮಾರಿನ ಜೋಡಣೆ ಬೇರೆ, ಎಬಿಎಸ್ ಇದ್ದದ್ದು ಮತ್ತೂ ಬೇರೆ. ‘ಮುಂದಿನ ಹೋಸ್ ಕಿಟ್’ ಎಂದು ಎರಡು ಪೈಪ್ ಕೊಟ್ಟರೆ ಅದು ಲಿವರ್ ದಾರಿಗೆ ಮಾತ್ರ. ಸೆಕೆಂಡರಿ ಮಾಸ್ಟರ್‌ನ ಒಳ, ಹೊರ ಹೋಸ್, ನಡು ಪಿಸ್ಟನ್‌ಗಳ ಹೋಸ್, ಹಿಂದಿನ ಕ್ಯಾಲಿಪರ್‌ನ ಎರಡು ಹೋಸ್ ಎಲ್ಲವೂ ಪಟ್ಟಿಯಲ್ಲಿ ಇವೆಯೇ ಎಂದು ಎಣಿಸಿ ತೆಗೆದುಕೊಳ್ಳಿ.

ಚಾಸಿ ಉದ್ದಕ್ಕೂ ಹೋಗುವ ಉಕ್ಕಿನ ಗಟ್ಟಿ ಪೈಪ್‌ಗಳನ್ನು ಬದಲಿಸಬೇಕಿಲ್ಲ. ಅವು ಹಿಗ್ಗುವುದಿಲ್ಲ. ತುಕ್ಕು ತಿಂದಿದ್ದರೆ ಮಾತ್ರ ಬದಲಿಸಿ. ಅವುಗಳ ಫ್ಲೇರ್ ನಟ್‌ಗೆ ಮಾಮೂಲಿ ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಉರುಟಾಗುತ್ತದೆ. ಫ್ಲೇರ್ ಸ್ಪ್ಯಾನರ್ ಇಟ್ಟುಕೊಳ್ಳಿ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಿಡಿ.

ಹೋಂಡಾದ ನಿಸ್ಸಿನ್ ಕಂಪನಿಯ ಬ್ರೇಕ್ ಭಾಗಗಳ ಬ್ಯಾಂಜೋ ಬೋಲ್ಟ್ ಎಂ10, 1.25 ಪಿಚ್. ಬ್ರೆಂಬೋ ಕಂಪನಿಯ ಭಾಗಗಳಲ್ಲಿ ಸಾಮಾನ್ಯವಾಗಿ 1.0 ಪಿಚ್. ಎರಡು ಸುತ್ತು ಬೆರಳಲ್ಲಿ ಹೋಗುತ್ತದಲ್ಲ ಎಂದು ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಎಳೆ ಹಾಳು.

ಪ್ಲಾಸ್ಟಿಕ್ ಹೊದಿಕೆ ಇರುವ ಬ್ರೇಡೆಡ್ ಹೋಸನ್ನೇ ಆರಿಸಿ. ಬರಿ ಉಕ್ಕಿನ ಹೆಣಿಗೆ ಎಲ್ಲಿ ತಾಗಿದರೂ ಅರದಂತೆ ಉಜ್ಜಿ ಬಣ್ಣ, ವೈರು ಎರಡನ್ನೂ ಕೊಯ್ಯುತ್ತದೆ. ಕೂಡಿಸಿದ ಮೇಲೆ ಮುಂಭಾಗ ಎತ್ತಿ ಫೋರ್ಕ್ ಪೂರ್ತಿ ಇಳಿದಾಗ, ಹ್ಯಾಂಡಲ್ ಎರಡೂ ಕೊನೆಗೆ ತಿರುಗಿದಾಗ ಯಾವ ಹೋಸೂ ಬಿಗಿಯಬಾರದು. ಎಡ ಕ್ಯಾಲಿಪರ್ ತಿರುಗುವ ಭಾಗ ಅನ್ನುವುದನ್ನು ಮರೆತು ಅಲ್ಲಿ ಹೋಸನ್ನು ಚೊಕ್ಕವಾಗಿ ಎಳೆದು ಟೈ ಹಾಕುವವರಿದ್ದಾರೆ. ಹಾಗೆ ಮಾಡಿದರೆ ಹೋಸೇ ಕ್ಯಾಲಿಪರನ್ನು ಎಳೆದು ಹಿಡಿದು ಹಿಂದಿನ ಬ್ರೇಕ್ ಉಜ್ಜುತ್ತಿರುತ್ತದೆ. ಸ್ವಲ್ಪ ಸಡಿಲ ಇರಲೇಬೇಕು.

ಘಟ್ಟದಾರಿ

ಹೋಸ್ ಬಗ್ಗೆ ಪೂರ್ತಿ ಒಪ್ಪುತ್ತೇನೆ.

ಲಿಂಕ್ ತೆಗೆಯಲೇಬೇಕು ಎನ್ನುವವರು ಏನೇನು ಬದಲಿಸಬೇಕಾಗುತ್ತದೆ ಎನ್ನುವುದನ್ನೂ ಇಲ್ಲಿ ದಾಖಲಿಸೋಣ. ಅರೆಬರೆ ಮಾಡಿದ ಗಾಡಿಗಳು ಮಾರುಕಟ್ಟೆಯಲ್ಲಿ ಬಹಳ ಇವೆ.

ಎಡ ಫೋರ್ಕಿನ ಕೆಳಭಾಗದ ಎರಕವೇ ಬೇರೆ ಇದೆ. ಸೆಕೆಂಡರಿ ಮಾಸ್ಟರ್‌ಗೆ, ಪಿವಟ್‌ಗೆ ಹೊಂದುವಂತೆ ಮಾಡಿದ್ದು. ಹಾಗಾಗಿ ಮಾಮೂಲಿ ಕ್ಯಾಲಿಪರ್ ತಂದು ನೇರ ಬೋಲ್ಟ್ ಹಾಕಲು ಬರುವುದಿಲ್ಲ. ಲಿಂಕ್ ಇಲ್ಲದ ಗಾಡಿಯ ಮುಂಭಾಗವನ್ನು ಜೋಡಿಯಾಗಿ ತರುವುದು ನೇರ ದಾರಿ.

ಮಾಸ್ಟರ್ ಸಿಲಿಂಡರ್ ಲೆಕ್ಕ ಮುಖ್ಯ. ನಿಸ್ಸಿನ್ ಮಾಸ್ಟರ್‌ನ ಮೈಮೇಲೆ ಬೋರ್ ಅಳತೆ ಎರಕದಲ್ಲೇ ಇರುತ್ತದೆ: 1/2 ಅಂದರೆ 12.7 ಮಿ.ಮೀ., 14 ಅಂದರೆ 14, 5/8 ಅಂದರೆ 15.9. ವಿಸ್ತೀರ್ಣ ಕ್ರಮವಾಗಿ ಸುಮಾರು 127, 154, 198 ಚದರ ಮಿ.ಮೀ. ನಾಲ್ಕು ಪಿಸ್ಟನ್ ನೂಕುತ್ತಿದ್ದ ಲಿವರ್‌ಗೆ ಆರನ್ನೂ ಕೊಟ್ಟರೆ, ಆರೂ ಒಂದೇ ಅಳತೆ ಎಂದುಕೊಂಡರೂ, ಬೇಕಾಗುವ ಆಯಿಲ್ ಒಂದೂವರೆ ಪಟ್ಟು. ಮಾಸ್ಟರ್ ಹಳೆಯದೇ ಉಳಿದರೆ ಬ್ರೇಕ್ ಬಲ ಹೆಚ್ಚುತ್ತದೆ, ಆದರೆ ಲಿವರ್ ಒಂದೂವರೆ ಪಟ್ಟು ದೂರ ಚಲಿಸಿ ಹ್ಯಾಂಡಲ್‌ಗೆ ತಾಗುತ್ತದೆ. 12.7ರಿಂದ 15.9ಕ್ಕೆ ಹೋದರೆ 198ನ್ನು 127ರಿಂದ ಭಾಗಿಸಿದಾಗ 1.56, ಚಲನೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಕೈಬಲವೂ ಮೊದಲಿನಷ್ಟೇ ಬೇಕಾಗುತ್ತದೆ, ಕಡಿಮೆ ಆಗುವುದಿಲ್ಲ. ತಮ್ಮ ಕ್ಯಾಲಿಪರ್‌ನ ಪಿಸ್ಟನ್‌ಗಳನ್ನು ವರ್ನಿಯರ್‌ನಲ್ಲಿ ಅಳೆದು ವಿಸ್ತೀರ್ಣ ಕೂಡಿ ನೋಡಿಯೇ ಮಾಸ್ಟರ್ ಕೊಳ್ಳಬೇಕು.

ಹಿಂದೆ ಮೂರೂ ಪಿಸ್ಟನ್‌ಗೆ ಪೆಡಲನ್ನು ನೇರ ಜೋಡಿಸಿದರೆ ಪ್ರೊಪೋರ್ಷನಿಂಗ್ ವಾಲ್ವ್ ದಾರಿಯಲ್ಲಿ ಇಲ್ಲದ್ದರಿಂದ ಗಾಲಿ ಬೇಗ ಲಾಕ್ ಆಗುತ್ತದೆ. ಸಣ್ಣ ಎರಡು ಪಿಸ್ಟನ್ನಿನ ಕ್ಯಾಲಿಪರ್, ಅದಕ್ಕೆ ಹೊಂದುವ ಮಾಸ್ಟರ್ ಹಾಕಿದರೆ ಹತೋಟಿಗೆ ಬರುತ್ತದೆ.

ಸ್ಪ್ಯಾನರ್ ಹನ್ನೆರಡು

ಒಳ್ಳೆಯ ಲೆಕ್ಕ. ಇದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಸೆಕೆಂಡರಿ ಮಾಸ್ಟರ್‌ನ ಹೊರದಾರಿಗೆ ಬೋಲ್ಟ್ ಹಾಕಿ ಮುಚ್ಚಿ ‘ಡಿಲಿಂಕ್ ಆಯಿತು’ ಅನ್ನುವ ಅಗ್ಗದ ಉಪಾಯ ಹರಿದಾಡುತ್ತಿದೆ. ಅದನ್ನು ಮಾಡಬೇಡಿ. ಎಡ ಕ್ಯಾಲಿಪರ್‌ನ ಪೂರ್ತಿ ಬ್ರೇಕ್ ಬಲ ಆಗ ಒಂದು ರಬ್ಬರ್ ಕಪ್ಪಿನ ಹಿಂದೆ ಸಿಕ್ಕಿದ ಆಯಿಲ್ ಮೇಲೆ ನಿಲ್ಲುತ್ತದೆ. ಕಪ್ ಸೋರಿದರೆ ಬ್ರೇಕ್ ಹಿಡಿದ ಹೊತ್ತಿಗೇ ಕ್ಯಾಲಿಪರ್ ಸರಿಯುತ್ತದೆ. ಹಿಂದೆ ಕೆಲಸವಿಲ್ಲದ ಎರಡು ಪಿಸ್ಟನ್ ತುಕ್ಕು ಹಿಡಿದು, ಪ್ಯಾಡ್ ನಡುವಿನ ಒಂದೇ ಪಿಸ್ಟನ್ನಿಗೆ ಬಾಗಿ ಓರೆಯಾಗಿ ಸವೆಯುತ್ತದೆ.

ಎಬಿಎಸ್ ಇರುವ ಗಾಡಿಯಲ್ಲಿ ಲಿಂಕನ್ನು ಮುಟ್ಟಲೇಬಾರದು. ಎಬಿಎಸ್‌ನ ಒತ್ತಡ ನಿಯಂತ್ರಿಸುವ ಮಾಡ್ಯುಲೇಟರ್ ಯಾವ ಲೈನಿನಲ್ಲಿ ಎಷ್ಟು ಆಯಿಲ್, ಎಷ್ಟು ಒತ್ತಡ ಎನ್ನುವ ಎಣಿಕೆಯ ಮೇಲೆ ನಿಂತಿದೆ.

ಕಾನೂನಿನ ಮಾತು: ಬ್ರಿಟನ್‌ನಲ್ಲಿ ಇದು ಮಾರ್ಪಾಡು, ವಿಮೆಯವರಿಗೆ ಮೊದಲೇ ತಿಳಿಸಬೇಕು. ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ.

ಹೊಸಬ ಮಂಡ್ಯ

ಅಣ್ಣಂದಿರೆ, ನಮ್ಮ 125 ಸಿಸಿ ಸ್ಕೂಟರ್‌ನ ಸಿಬಿಎಸ್ (ಕಂಬೈನ್ಡ್ ಬ್ರೇಕ್) ಕೂಡ ಇದೇ ತಾನೆ? ಅದಕ್ಕೂ ಇದೇ ತರ ಮಾಡಬಹುದಾ?

ನಿಸ್ಸಿನ್ ಪ್ರಿಯ

ತಮ್ಮಾ, ಉದ್ದೇಶ ಒಂದೇ, ಒಳಗಿನ ಕೆಲಸ ಬೇರೆ. 2019ರ ಏಪ್ರಿಲ್‌ನಿಂದ ಇಲ್ಲಿ 125 ಸಿಸಿವರೆಗಿನ ಗಾಡಿಗೆ ಸಿಬಿಎಸ್ ಅಥವಾ ಎಬಿಎಸ್, ಅದರ ಮೇಲಿನದಕ್ಕೆ ಎಬಿಎಸ್ ಕಡ್ಡಾಯ ಆಯಿತು. ಡ್ರಮ್ ಬ್ರೇಕಿನ ಸ್ಕೂಟರ್‌ನಲ್ಲಿ ಎಡ ಲಿವರ್ ಎಳೆದರೆ ಒಂದು ಕೊಂಡಿ ಎರಡೂ ಕೇಬಲ್‌ಗಳನ್ನು ಎಳೆಯುತ್ತದೆ. ಸೆಕೆಂಡರಿ ಮಾಸ್ಟರೂ ಇಲ್ಲ, ವಾಲ್ವೂ ಇಲ್ಲ. ನೀನು ಕೇಬಲ್ ಅಡ್ಜಸ್ಟ್‌ಮೆಂಟ್ ಸರಿ ಇಟ್ಟುಕೊಂಡು, ಕೊಂಡಿಯ ಪಿನ್ನಿಗೆ ಗ್ರೀಸ್ ಹಾಕಿಸು, ಸಾಕು.

ಧಾರವಾಡ ಟೂರರ್

ಇನ್ನು ಗಾಳಿ ತಗಿಯೋ ಮಾತು. ಈ ಗಾಡ್ಯಾಗ ಜನ ಸೋಲೋದು ಇಲ್ಲೇ.

ಸರ್ವಿಸ್ ಮ್ಯಾನ್ಯುಯಲ್‌ನಾಗ ನಿಮ್ಮ ವರ್ಷದ ಗಾಡಿಗೆ ಕೊಟ್ಟ ಕ್ರಮ ಬಿಡಬ್ಯಾಡ್ರಿ. ಅದರ ಹಿಂದಿನ ಲೆಕ್ಕ ತಿಳ್ಕೊಂಡ್ರ ಕೆಲಸ ಹಗುರಾಗ್ತದ: ಹಿಂದಿನ ಹೊರ ಪಿಸ್ಟನ್ನಿಗೆ ಆಯಿಲ್ ಹೋಗೋದು ಪೆಡಲ್ ಡಬ್ಬಿಯಿಂದ ಮುಂದಕ್ಕ ಬಂದು, ಸೆಕೆಂಡರಿ ಮಾಸ್ಟರ್ ತೂತು ದಾಟಿ, ಮತ್ತ ಹಿಂದಕ್ಕ. ಹಂಗಾಗಿ ಮುಂದಿನದು ಸ್ವಚ್ಛ ಆಗದ ಹಿಂದಿನದು ಸ್ವಚ್ಛ ಆಗೂದಿಲ್ಲ.

ಪೆಡಲ್ ಒತ್ತಿ ಹಿಂದಿನ ಹೊರ ಪಿಸ್ಟನ್ನಿನ ನಿಪ್ಪಲ್ ತಗದಾಗ ಆಯಿಲ್ ಬರಾಕ ಹತ್ತಿದ್ರ ತೂತು ತೆರೆದದ ಅಂತ ತಿಳೀರಿ. ಹನಿ ಸೈತ ಬರಲಿಲ್ಲ ಅಂದ್ರ ತೂತು ಇನ್ನೂ ಬಂದ್ ಐತಿ, ಇಲ್ಲಾ ಕ್ಯಾಲಿಪರ್ ಮ್ಯಾಲೆ ಸರಿದು ಪಿಸ್ಟನ್ ಒತ್ತಿ ಹಿಡದೈತಿ. ಬ್ಲೀಡ್ ಮಾಡೋವಾಗ ಮುಂದಿನ ಗಾಲಿ ಒಂಚೂರೂ ಅಲುಗಾಡಬಾರದು ಅನ್ನೋದು ಇದಕ್ಕ.

ಗಾಳಿ ನಿಲ್ಲೋ ಜಾಗ ಎರಡು: ಸೆಕೆಂಡರಿ ಮಾಸ್ಟರ್‌ನ ತಲಿ, ಮತ್ತ ಹಿಂದಕ್ಕ ಹೋಗೋ ಲೈನಿನ ಎತ್ತರದ ತಿರುವು. ಮೊದಲಿನದಕ್ಕ ಕ್ಯಾಲಿಪರ್ ಸಮೇತ ಬಿಚ್ಚಿ, ಬ್ಯಾಂಜೋ ಮ್ಯಾಲೆ ಬರೂ ಹಂಗ ಓರೆ ಹಿಡದು, ಪ್ಯಾಡ್ ನಡುವ ಕಟಗಿ ತುಂಡು ಕೊಟ್ಟು, ಪ್ಲಂಜರ್ ಮೆಲ್ಲಕ ಒತ್ತಿ ಬಿಡ್ರಿ. ಸುತ್ತಿಗಿ ಹಿಡಿಕಿಲೆ ಹಗುರಕ ತಟ್ರಿ. ಎರಡನೇದಕ್ಕ ದೊಡ್ಡ ಸಿರಿಂಜ್‌ಲೆ ಹಿಂದಿನ ನಿಪ್ಪಲ್‌ನಿಂದ ಹೊಸ ಆಯಿಲ್ ಮ್ಯಾಲಕ್ಕ ತಳ್ಳೋದು ಚಲೋ ಉಪಾಯ. ತಳ್ಳೋಕಿಂತ ಮೊದ್ಲ ಪೆಡಲ್ ಡಬ್ಬಿ ಅರ್ಧ ಖಾಲಿ ಮಾಡ್ರಿ, ಇಲ್ಲಂದ್ರ ಉಕ್ಕಿ ಬಣ್ಣದ ಮ್ಯಾಲೆ ಸುರೀತದ.

ಲಿವರ್ ದಾರಿ ಸುಲಭ. ಕಡೀಗೆ ಮಾಸ್ಟರ್ ಬ್ಯಾಂಜೋ ಸೈತ ಒಮ್ಮೆ ಸಡ್ಲಿಸಿ ಬಿಗೀರಿ, ಎತ್ತರದ ಜಾಗ ಅದು. ರಾತ್ರಿಯೆಲ್ಲಾ ಲಿವರ್ ಕಟ್ಟಿ ಇಟ್ರ ಸಣ್ಣ ಗುಳ್ಳಿ ಮ್ಯಾಲೆ ಬರ್ತಾವ.

ದಾರಿಹೋಕ ಯುಕೆ

ಡಾಟ್ 5.1 ಹಾಕಿದರೆ ಲಾಭ ಇದೆಯೇ? ಪ್ಯಾಡ್ ಯಾವುದು? ಮತ್ತು ಈ ಎಲ್ಲ ಆದ ಮೇಲೆ ಸರಿಯಾಗಿದೆ ಎಂದು ಹೇಗೆ ತಿಳಿಯುವುದು?

ಸ್ಪ್ಯಾನರ್ ಹನ್ನೆರಡು

ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ನೀರು ಹೀರಿದ ಮೇಲೆ 155. ಡಾಟ್ 5.1ಕ್ಕೆ 260 ಮತ್ತು 180. ಭಾರ ಹೊತ್ತು ಉದ್ದದ ಇಳಿಜಾರು ಇಳಿಯುವವರಿಗೆ 5.1ರಿಂದ ಉಪಯೋಗ ಇದೆ, ಎರಡೂ ಬೆರೆತರೂ ತೊಂದರೆ ಇಲ್ಲ. ಆದರೆ ಡಾಟ್ 5 ಅಂದರೆ ಸಿಲಿಕೋನ್, ಅದು ಬೇರೆಯೇ ಜಾತಿ, ಹಾಕಬೇಡಿ. ಯಾವುದನ್ನು ಹಾಕಿದರೂ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಹೊಸ ಆಯಿಲ್ ಸೆಕೆಂಡರಿ ಮಾಸ್ಟರ್‌ವರೆಗೆ, ಅಲ್ಲಿಂದ ಹಿಂದಿನವರೆಗೆ ಹರಿದಿರಬೇಕು. ಡಬ್ಬಿಯಲ್ಲಿ ಮಾತ್ರ ಹೊಸದು ಕಂಡರೆ ಸಾಲದು.

ಪ್ಯಾಡ್: ಮುಂದೆ ಸಿಂಟರ್ಡ್ (ಲೋಹದ ಪುಡಿ ಒತ್ತಿ ಮಾಡಿದ್ದು) ಹಾಕಿ, ಎಡ ಬಲ ಒಂದೇ ಕಂಪನಿ, ಒಂದೇ ಸಲ. ಎಡದ್ದು ಮಾತ್ರ ಹೆಚ್ಚು ಕಚ್ಚುವುದಾದರೆ ಸೆಕೆಂಡರಿ ಮಾಸ್ಟರ್ ಹೆಚ್ಚು ಒತ್ತಿಸಿಕೊಂಡು ಹಿಂದಿನ ಬ್ರೇಕ್ ಲೆಕ್ಕ ತಪ್ಪುತ್ತದೆ. ಹಿಂದೆ ಕಂಪನಿಯ ದರ್ಜೆಯದ್ದೇ ಇರಲಿ. ಮುಂದಿನ ನಡು ಪಿಸ್ಟನ್‌ಗಳನ್ನು ಕೈಯಲ್ಲಿ ಒಳಗೆ ತಳ್ಳಿ ನೋಡಿ. ಪೆಡಲ್ ಮುಟ್ಟದೆ ಓಡಿಸಿದ ಗಾಡಿಗಳಲ್ಲಿ ಅವು ಅಂಟಿರುತ್ತವೆ. ಹೊಸ ಪ್ಯಾಡ್ ಕೂತುಕೊಳ್ಳಲು 60 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸುವುದನ್ನು ಹದಿನೈದಿಪ್ಪತ್ತು ಸಲ ಮಾಡಿ, ನಡುವೆ ತಣಿಯಲು ಬಿಡಿ.

ಪರೀಕ್ಷೆ: ಮೊದಲು ನಿಂತಲ್ಲೇ ಎಡ ಕ್ಯಾಲಿಪರ್ ಒತ್ತುವ ಅದೇ ಪರೀಕ್ಷೆ, ಹತ್ತು ಸಲ. ಹತ್ತೂ ಸಲ ಹಿಡಿದು ಬಿಡಬೇಕು. ಆಮೇಲೆ ವಾಹನ ಇಲ್ಲದ ರಸ್ತೆಯಲ್ಲಿ ಅರ್ಧ ಗಂಟೆ, ಲಿವರ್ ಮಾತ್ರ ಬಳಸಿ. ನಿಲ್ಲಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಮೂರೂ ಡಿಸ್ಕ್ ನೋಡಿ. ಹಿಂದಿನದು ಬೆಚ್ಚಗಿರಬೇಕು, ಮುಂದಿನವಕ್ಕಿಂತ ತಣ್ಣಗಿರಬೇಕು. ಹೊರಡುವ ಮುಂಚಿನ ಹಾಗೇ ಆಗಲೂ ಹಿಂದಿನ ಗಾಲಿ ಕೈಯಲ್ಲಿ ತಿರುಗಬೇಕು, ಯಾಕೆಂದರೆ ಈ ದೋಷ ತಣ್ಣಗಿದ್ದಾಗ ಅಡಗಿದ್ದು ಕಾದ ಮೇಲೆ ಎದ್ದು ಬರುತ್ತದೆ.

ಘಟ್ಟದಾರಿ

ಯೂ ಟರ್ನ್ ಭಯ ಇರುವವರಿಗೆ ಒಂದು ಮಾತು ಉಳಿಯಿತು. ಗಾಳಿ ಪೂರ್ತಿ ತೆಗೆದು ಬ್ರೇಡೆಡ್ ಹೋಸ್ ಹಾಕಿದ ಮೇಲೆ ಪೆಡಲ್ ಮೊದಲಿಗಿಂತ ಬೇಗ ಕಚ್ಚುತ್ತದೆ, ಹಾಗಾಗಿ ಪೆಡಲ್‌ನ ಎತ್ತರವನ್ನು ಬೂಟಿನ ಅಡಿಗೆ ಸರಿಯಾಗಿ ಇಳಿಸಿಕೊಳ್ಳಿ. ಮಾಸ್ಟರ್‌ನ ಪುಷ್‌ರಾಡ್ ನಟ್ ಸಡಿಲಿಸಿ ಹೊಂದಿಸಬಹುದು. ಆದರೆ ಪೆಡಲ್ ಬಿಟ್ಟಾಗ ಪುಷ್‌ರಾಡ್‌ಗೆ ತುಸು ಸಡಿಲ ಉಳಿದಿದೆಯೇ ನೋಡಿಕೊಳ್ಳಿ. ಅದು ಪಿಸ್ಟನ್ನನ್ನು ಒತ್ತಿಯೇ ಇದ್ದರೆ ಪೆಡಲ್ ಮಾಸ್ಟರ್‌ನ ರಿಟರ್ನ್ ತೂತು ಮುಚ್ಚಿ, ಈಗ ಸರಿಪಡಿಸಿದ ತೊಂದರೆ ಬೇರೆ ಜಾಗದಿಂದ ಶುರುವಾಗುತ್ತದೆ. ಹಿಂದಿನ ಬ್ರೇಕ್ ಲೈಟ್ ಸ್ವಿಚ್ಚನ್ನೂ ಹೊಸ ಎತ್ತರಕ್ಕೆ ತಿರುಗಿಸಿ.

ದಾರಿಹೋಕ ಯುಕೆ

ಲಿಂಕ್ ಉಳಿಸುತ್ತೇನೆ. ಪಿಸ್ಟನ್ ಸೆಟ್, ಪಿವಟ್ ಬೇರಿಂಗ್, ಡಸ್ಟ್ ಸೀಲ್, ಪೂರ್ತಿ ಹೋಸ್ ಕಿಟ್, ವಾಷರ್ ಆರ್ಡರ್ ಹಾಕಿದ್ದೇನೆ. ಸಿಲಿಂಡರ್ ಬೋರ್ ನೋಡಿದ ಮೇಲೆ ಫೋಟೋ ಹಾಕುತ್ತೇನೆ.

ಧಾರವಾಡ ಟೂರರ್

ಹಾಕ್ರಿ. ಬೋರ್ ಫೋಟೋ ತಗಿಯೋವಾಗ ಟಾರ್ಚ್ ಓರೆ ಹಿಡೀರಿ, ನೇರ ಬೆಳಕಿನಾಗ ಗುಳಿ ಕಾಣೂದಿಲ್ಲ.